ನ್ಯಾಯಾಲಯದಲ್ಲಿ ನಾನು ಬಾಯಿ ಹಾಕಿದ್ದು

ಸಭಿಕರೇ, ಮುಂದಿನ ಚಾಪೆಯವರೇ, ಹಿಂದೆ ಮರ ಹತ್ತಿ ಕೂತವರೇ, ಕಿವಿಗೊಡಿ! ಅಪ್ಪಾ, ನೀವು ತೀರಿಕೊಂಡು ವರ್ಷವಾಯಿತು, ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲ. ಆದರೂ ನಿಮ್ಮ ನಾಟಕ ಶುರುವಾಗುವಾಗಿನಂತೆ ಗಂಟಲು ಬಿಟ್ಟು ಸಾರುತ್ತೇನೆ: ಇಂದು ಗೆದ್ದೆವು!

ಕಡಲಾಚೆಯ ದೇಶದಿಂದ ನಾವು ಕರೆತಂದ ಏಳು ವರ್ಷದ ಹುಡುಗಿಯ ದತ್ತು ಇಂದು ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಿತ್ತು. ಬಂದು ಹದಿನಾಲ್ಕು ತಿಂಗಳಾದರೂ ಅವಳು ನನ್ನನ್ನು ಏನೆಂದೂ ಕರೆದಿರಲಿಲ್ಲ. ಬೇಕಾದಾಗ ಅಂಗಿಯ ತುದಿ ಜಗ್ಗುತ್ತಿದ್ದಳು, ಅಷ್ಟೆ.

ನ್ಯಾಯಾಧೀಶರು ಕನ್ನಡಕ ಇಳಿಸಿ ಕೇಳಿದರು, "ಪುಟ್ಟಿ, ಈ ಮೀಸೆಯವರು ನಿಂಗೆ ಏನಾಗ್ಬೇಕು?"

ಹುಡುಗಿ ನನ್ನ ಅಂಗಿಯ ತುದಿ ಹಿಡಿದು ನೆಲ ನೋಡಿದಳು. ವಕೀಲರು ಬೆವರಿದರು. ಇಪ್ಪತ್ತು ವರ್ಷ ನಿಮ್ಮ ನಾಟಕ ಕಂಪನಿಯಲ್ಲಿ ಪರದೆಯ ಹಿಂದೆ ನಿಂತು, ಮಾತು ಮರೆತ ನಟರಿಗೆ ಸಾಲು ಒದಗಿಸಿದ ಬಾಯಿ ಇದು, ಸುಮ್ಮನಿದ್ದೀತೇ? "ತಂದೆಯವರು ಅನ್ನು, ತಂದೆಯವರು!" ಎಂದು ಪಿಸುಗುಟ್ಟಿದೆ. ನನ್ನ ಪಿಸುಮಾತು ಬೀದಿಯವರೆಗೂ ಕೇಳಿತು!

ಅವಳು ಸರ್ರನೆ ತಿರುಗಿದಳು. "ಅಪ್ಪಾ, ಸ್ವಲ್ಪ ಸುಮ್ನಿರು! ನಂಗೇ ಬರತ್ತೆ ಹೇಳಕ್ಕೆ."

"ಉತ್ತರ ಬಂತು ಬಿಡಿ," ಎಂದು ನಕ್ಕು ನ್ಯಾಯಾಧೀಶರು ಸಹಿ ಹಾಕಿದರು. ನಿಮ್ಮ ಸೊಸೆ ನಗುತ್ತಲೇ ಅತ್ತಳು.

"ಬೇರೆ ನಾಡಿನ ಮಗು ನಮ್ಮದಾಗತ್ತೇನೋ?" ಎಂದು ನೀವು ಕೇಳಿದ ದಿನ ನಾನು ಬಾಗಿಲು ಬಡಿದು ಹೊರಟವನು. ನೀವು ಎರಡು ಸಲ ಹೇಳಿಕಳಿಸಿದಾಗ ಬರಲಿಲ್ಲ. ಮೂರನೆಯ ಸಲ ಅಮ್ಮ ಹೇಳಿಕಳಿಸಿದಾಗ ಬಂದೆ; ಆಗ ನೀವಿರಲಿಲ್ಲ.

ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಮಗಳೊಂದಿಗೆ ಊರಿಗೆ ಬರುತ್ತೇನೆ. "ಇಗೋ ನಿನ್ನ ಮೊಮ್ಮಗಳು!" ಎಂದು ಓಣಿಗೆಲ್ಲ ಕೇಳುವಂತೆ ಅಮ್ಮನಿಗೆ ಸಾರುತ್ತೇನೆ. ಆಮೇಲೆ ಒಳಗೆ ಹೋಗಿ, ಆ ಎರಡು ಸಲ ನೀವು ನನ್ನನ್ನು ಏಕೆ ಕರೆದಿದ್ದಿರಿ ಎಂದು ಅಮ್ಮನನ್ನು ಮೆಲ್ಲಗೆ ಕೇಳುತ್ತೇನೆ.