ಸೀತಜ್ಜಿಗೆ ತೋರಿಸಿದ ಮುಖ

ಪುತ್ತೂರು
17 ಆಗಸ್ಟ್ 2025, ಆದಿತ್ಯವಾರ

ಪ್ರೀತಿಯ ನೆಬೀಸಾ,

ನಿನ್ನ ಮೂರು ವಾಯ್ಸ್ ಮೆಸೇಜಿಗೂ ಉತ್ತರ ಕೊಡಲಿಲ್ಲ, ತಪ್ಪಾಯಿತು. ಮೂರನೆಯದರಲ್ಲಿ "ಸತ್ತಿದ್ದೀಯಾ ಹೇಗೆ ಮಾರಾಯ್ತಿ?" ಅಂತ ಬೈದದ್ದನ್ನು ಎರಡು ಸಲ ಕೇಳಿದೆ. ಬೈಯುವವರು ಒಬ್ಬರಾದರೂ ಇದ್ದಾರಲ್ಲ ಅಂತ ಸಮಾಧಾನ ಆಯಿತು. ಇದು ಫೋನಿನಲ್ಲಿ ಹೇಳುವ ವಿಷಯ ಅಲ್ಲ, ಅದಕ್ಕೆ ಕಾಗದ ಹಿಡಿದು ಕೂತಿದ್ದೇನೆ. ನಿನ್ನ ಮೊಣಗಂಟು ಹೇಗುಂಟು? ಆಪರೇಷನ್ ಆದ ಮೇಲೂ ನೆಲದಲ್ಲಿ ಕೂತು ಮೀನು ಕೊಯ್ಯುದು ಬಿಟ್ಟಿರಲಿಕ್ಕಿಲ್ಲ ನೀನು.

ನಮ್ಮ ವಾರ್ಡಿನ ನರ್ಸ್ ಸುಪ್ರಿತಾ ನೆನಪುಂಟಾ? ಪಂಜದ ಹುಡುಗಿ, ನೀನು ಬಂದಾಗ ನೀನು ಕರಿದು ತಂದ ನೈಪತ್ತಿರ್ ಕೇಳಿ ಕೇಳಿ ತಿಂದವಳು. ಅವಳಿಗೆ ಹಂದಿಜ್ವರ ಬಂದು ಹನ್ನೊಂದು ದಿನ ಆಕ್ಸಿಜನ್‌ನಲ್ಲಿ ಇದ್ದಳು. ಬದುಕಿದಳು, ದೇವರು ದೊಡ್ಡವನು. ಆದರೆ ಈಗ ಅವಳ ಮೇಲೆಯೇ ವಿಚಾರಣೆ. ನಾಳೆ ತೀರ್ಮಾನ. ಕೆಲಸ ಹೋಗುದು ಹೆಚ್ಚುಕಡಿಮೆ ಖಂಡಿತ.

ಆದದ್ದು ಇಷ್ಟು. ಐವರ್ನಾಡಿನ ಸೀತಜ್ಜಿಯನ್ನು ಹಂದಿಜ್ವರ ಅಂತ ಬೇರೆ ಕೋಣೆಯಲ್ಲಿ ಇಟ್ಟಿದ್ದೆವು. ನಾವು ಒಳಗೆ ಹೋಗುದು ಗೌನು, ಟೊಪ್ಪಿ, ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ ಹಾಕಿಕೊಂಡು. ಯಾರು ಯಾರೆಂದು ಗೊತ್ತಾಗಲಿ ಅಂತ ಎದೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆಯುತ್ತೇವೆ. ಅಜ್ಜಿಗೆ ಓದಲು ಬರುದಿಲ್ಲ. ನಮ್ಮನ್ನೆಲ್ಲ ತನ್ನನ್ನು ಕೊಂಡೋಗಲು ಬಂದವರು ಅಂತಲೇ ಎಣಿಸಿದ್ದರು, ಪಾಪ. ಎರಡು ದಿನ ಮಾತ್ರೆ ಇಲ್ಲ, ಗಂಜಿ ಇಲ್ಲ, ಮೂಗಿನ ನಳಿಗೆ ಕಿತ್ತು ಬಿಸಾಡುದು. ಮೂರನೆಯ ದಿನ ಸುಪ್ರಿತಾ ಪರದೆ ಎತ್ತಿ, ಮಾಸ್ಕ್ ಕೆಳಗೆ ಎಳೆದು ನಕ್ಕಳು. "ನಾನು ಪಂಜದ ಗೂಡೆ ಅಜ್ಜೀ" ಅಂತ ಅಜ್ಜಿಯ ಮನೆಮಾತು ಅರೆಭಾಷೆಯಲ್ಲೇ ಮಾತಾಡಿಸಿದಳು. ಗೂಡೆ ಅಂದರೆ ಹುಡುಗಿ, ನಿನಗೆ ಗೊತ್ತುಂಟಲ್ಲ. ಅಜ್ಜಿ ಅವಳ ಗಲ್ಲ ಮುಟ್ಟಿ ನೋಡಿ ಬಾಯಿ ತೆರೆದರು. ಒಂದು ಲೋಟ ಗಂಜಿ ಮುಗಿಯುವವರೆಗೆ ಅವಳ ಮುಖ ತೆರೆದೇ ಇತ್ತು. ಮಧ್ಯದಲ್ಲಿ ಅಜ್ಜಿ ಕೆಮ್ಮಿದರು.

ಎಲ್ಲ ಕ್ಯಾಮೆರಾದಲ್ಲಿ ಉಂಟು, ಶಬ್ದ ಮಾತ್ರ ಇಲ್ಲ. "ಕಿಟ್ ಕೊಟ್ಟಿದ್ದೇವೆ, ತರಬೇತಿ ಕೊಟ್ಟಿದ್ದೇವೆ. ತೆಗೆದದ್ದು ಅವಳು, ನಾವು ಎಂತ ಮಾಡುದು?" ಅನ್ನುತ್ತಾರೆ ಮೇಲಿನವರು. ಊರಿನಲ್ಲಿ ಅವಳ ಅಪ್ಪ ಚೆನ್ನಕೇಶವಣ್ಣನಿಗೆ "ಸ್ವಲ್ಪ ದಿನ ಸೊಸೈಟಿಗೆ ಹಾಲು ತರಬೇಡಿ" ಅಂದರಂತೆ. ಕೋವಿಡ್ ಸಮಯದಲ್ಲಿ ನಮ್ಮನ್ನು ಕರೆದು ಶಾಲು ಹೊದೆಸಿದ್ದು ಇದೇ ಜನ. ಆ ಶಾಲು ನನ್ನ ಕಪಾಟಿನಲ್ಲಿ ಉಂಟು, ಬೇಕಾದರೆ ಬಂದು ಕೊಂಡೋಗಲಿ.

ಅಜ್ಜಿ ಗುಣವಾಗಿ ಮನೆಗೆ ಹೋದರು. ಹೊರಡುವಾಗ ನಮ್ಮ ಒಬ್ಬೊಬ್ಬರ ಮುಖ ನೋಡಿ, "ಆ ಗೂಡೆ ಎಲ್ಲಿ?" ಅಂತ ಕೇಳಿದರು. ರಜೆಯಲ್ಲಿದ್ದಾಳೆ ಅಂದೆ. ಆಗ ಅವಳು ಮೇಲಿನ ಮಾಳಿಗೆಯಲ್ಲಿ ಆಕ್ಸಿಜನ್‌ನಲ್ಲಿದ್ದಳು.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ದುಆ ಮಾಡುವಾಗ ಸುಪ್ರಿತಾಳ ಹೆಸರು ಸೇರಿಸು, ನನ್ನದು ಆಮೇಲೆ.

ನಿನ್ನ
ಕುಮುದಿನಿ

ಮತ್ತೆ: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ದಿನ ಕೋಣೆಯ ಗಾಜಿನ ಹೊರಗೆ ವಾರ್ಡಿನ ಇನ್‌ಚಾರ್ಜ್ ನಾನೇ ನಿಂತಿದ್ದೆ. "ಒಮ್ಮೆ ಮುಖ ತೋರಿಸು ಮಾರಾಯ್ತಿ, ಅಜ್ಜಿ ಹೆದರಿಯೇ ಸಾಯುತ್ತಾರೆ" ಅಂತ ಹೇಳಿದವಳು ನಾನು. "ತೆಗೆಯಬಹುದಾ ಅಕ್ಕಾ?" ಅಂತ ಅವಳು ಕೇಳಿದಳು, ನಾನು ಹೂಂ ಅಂತ ತಲೆಯಾಡಿಸಿದೆ. ಕ್ಯಾಮೆರಾ ನನ್ನ ಕಡೆಗೆ ಇಲ್ಲ. ವಿಚಾರಣೆಯಲ್ಲಿ "ನಾನು ನೋಡಲಿಲ್ಲ" ಅಂತ ಬರೆದು ಸಹಿ ಹಾಕಿದೆ. ನಿವೃತ್ತಿಗೆ ಏಳು ತಿಂಗಳು ಉಂಟು, ಹೆದರಿದೆ. ಸುಪ್ರಿತಾ ಬರೆದುಕೊಟ್ಟದ್ದು ಒಂದೇ ಸಾಲು: "ನಾನೇ ತೆಗೆದೆ, ಯಾರೂ ಹೇಳಲಿಲ್ಲ."

ನಿನ್ನೆ ಪಂಜಕ್ಕೆ ಹೋಗಿದ್ದೆ. ಸುಪ್ರಿತಾಳಿಗೆ ಇನ್ನೂ ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ನನ್ನನ್ನು ಕಂಡ ಕೂಡಲೇ, "ಹತ್ತಿರ ಬರಬೇಡಿ ಅಕ್ಕಾ, ಮೊದಲು ಮಾಸ್ಕ್ ಹಾಕಿಕೊಳ್ಳಿ" ಅಂದಳು.

ನಾಳೆ ಹತ್ತು ಗಂಟೆಗೆ ನನ್ನನ್ನೂ ಕರೆದಿದ್ದಾರೆ. ಇದು ನಿನ್ನ ಕೈಗೆ ಸಿಗುವಾಗ ಆ ಹತ್ತು ಗಂಟೆ ಕಳೆದಿರುತ್ತದೆ. ಓದಿದ ಕೂಡಲೇ ಫೋನ್ ಮಾಡು. "ಹೇಳಿದೆಯಾ?" ಅಂತ ಮಾತ್ರ ಕೇಳು, ಬೇರೆ ಎಂತದೂ ಕೇಳಬೇಡ.