ಹೆಣ್ಣು, ನಲವತ್ತಾರು ವರ್ಷ

ಅಕ್ಕ,

ಇವತ್ತು ನಿನ್ನ ಮಗಳು ನಮ್ಮ ಲ್ಯಾಬಿಗೆ ಬಂದಿದ್ದಳು. ನಿನ್ನ ರಕ್ತದಲ್ಲಿ ಸಿಕ್ಕಿದ ರೋಗಾಣುವಿನ ವಂಶವಾಹಿ ವಿವರವನ್ನು ಬೆಳಿಗ್ಗೆ ನಾನೇ ಸಾರ್ವಜನಿಕ ಡೇಟಾಬೇಸಿಗೆ ಸೇರಿಸಿದ್ದೆ. ಇನ್ನು ಯಾವ ದೇಶದವರು ಬೇಕಾದರೂ ಅದನ್ನು ತೆಗೆದು ನೋಡಬಹುದು. ತೋರಿಸು ಅಂದಳು, ತೋರಿಸಿದೆ. ಪರದೆಯ ತುಂಬ ಎ, ಸಿ, ಜಿ, ಟಿ ಎಂಬ ಅವೇ ನಾಲ್ಕು ಅಕ್ಷರಗಳು ಹಿಂದುಮುಂದಾಗಿ ಸಾಲುಗಟ್ಟಿದ್ದವು. ಮೇಲೆ ‘ಹೆಣ್ಣು, ನಲವತ್ತಾರು ವರ್ಷ’ ಎಂದಿತ್ತು.

“ಅಮ್ಮನ ಹೆಸರೇ ಇಲ್ವಲ್ಲ ಚಿಕ್ಕಮ್ಮ.”

“ಹೆಸರು ಹಾಕೋ ಹಾಗಿಲ್ಲ ಕಣೇ.”

“ಅಮ್ಮನ್ನ ನುಂಗಿದ್ದನ್ನ ಇಷ್ಟು ಜೋಪಾನವಾಗಿ ಇಟ್ಟಿದ್ದೀಯಲ್ಲ, ಯಾಕೆ?”

“ಇನ್ನೊಬ್ರಿಗೆ ಬಂದಾಗ ಹೋಲಿಸಿ ನೋಡ್ತಾರೆ. ಯಾವ ಔಷಧಿ ನಾಟಲ್ಲ ಅಂತ ಡಾಕ್ಟ್ರಿಗೆ ಬೇಗ ಗೊತ್ತಾಗತ್ತೆ.”

ಅವಳು ಪರದೆ ಬಿಟ್ಟು ನನ್ನ ಕಡೆ ತಿರುಗಿದಳು.

“ಅಮ್ಮನಿಗೆ ಜ್ವರ ಬಂದಾಗ್ಲೂ ನೀನು ಇಲ್ಲೇ ಕೆಲಸದಲ್ಲಿದ್ಯಾ?”

“ಹೂಂ.”

“ಯಾಕೋ ಹುಷಾರಿಲ್ಲ ಅಂತ ನಿಂಗೆ ಫೋನ್ ಮಾಡಿದ್ಲಂತೆ, ಆಗ ನೀನೇನಂದೆ?”

ಊಟ ಆಯಿತಾ ಎಂದು ಕೇಳಿದೆ. ಹಸಿವಿಲ್ಲ ಅಂದಳು. ಕಂಪ್ಯೂಟರ್ ಆರಿಸಿ, ಕೋಟು ಕಳಚಿಟ್ಟು, ಅವಳ ಜೊತೆ ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸು ತಡವಾಗಿ ಬಂತು. ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದೆ. ಅವಳು ಇನ್ನೊಮ್ಮೆ ಕೇಳಲಿಲ್ಲ.