ಬೃಂದಾ ಗೋಡೆ ಮುಟ್ಟಲಿಲ್ಲ

ಹಲಸೂರು
೧೪ ಜೂನ್ ೨೦೨೫, ಶನಿವಾರ

ಬೃಂದಾಳ ಅಪ್ಪನಿಗೆ,

ನಿಮ್ಮ ಭಾಗ್ಯಲಕ್ಷ್ಮಿಯ ನಮಸ್ಕಾರ. ನಾವೆಲ್ಲ ಇಲ್ಲಿ ಇದ್ದೇವೆ. ‘ಕ್ಷೇಮ’ ಎಂದು ಬರೆಯಲು ಹೋಗಿ ಕೈ ನಿಂತಿತು, ಅದಕ್ಕೇ ಇಷ್ಟು ಮಾತ್ರ ಬರೆದೆ. ತಡವಾಯಿತೆಂದು ಬೈಯಬೇಡಿ. ಹೋದ ವಾರ ಆ ಗಡಿಯ ತುದಿಯಿಂದ ನಿಮ್ಮ ಫೋನು ಸಿಕ್ಕಾಗ “ಫೈನಲ್ ಏನಾಯ್ತು ಭಾಗ್ಯಾ?” ಎಂದು ಕೂಗುತ್ತಿದ್ದಿರಿ. “ಮುಗೀತು, ಮಗು ಹುಷಾರಾಗಿದ್ದಾಳೆ” ಎಂದೆ. ಅಷ್ಟರಲ್ಲಿ ಲೈನು ಕಡಿಯಿತು. ಕಡಿದದ್ದೇ ಒಳ್ಳೆಯದಾಯಿತು ಅನ್ನಿಸಿತು. ನಿಮ್ಮ ಪಲ್ಟನ್ನಿನ ಅಮರಪ್ಪನವರು ರಜೆ ಮುಗಿಸಿ ಇವತ್ತು ಸಂಜೆ ರೈಲು ಹತ್ತುತ್ತಾರೆ. ಈ ಕಾಗದ ಅವರ ಕೈಯಲ್ಲೇ ಬರುತ್ತದೆ.

ಗಾಬರಿಯಾಗಬೇಡಿ. ಬೃಂದಾ ಅಡುಗೆಮನೆಯಲ್ಲಿ ಅಜ್ಜಿಯ ಜೊತೆ ಸೊಪ್ಪು ಬಿಡಿಸುತ್ತಿದ್ದಾಳೆ. ನನಗೆ ಇಲ್ಲಿಂದ ಕಾಣುತ್ತಾಳೆ.

ರಾಜ್ಯ ಮಟ್ಟದ ಫೈನಲ್ ಈ ಸಲ ನಮ್ಮ ಕೆರೆ ಪಕ್ಕದ ಈಜುಕೊಳದಲ್ಲೇ ಇತ್ತು. ಇನ್ನೂರು ಮೀಟರ್ ಫ್ರೀಸ್ಟೈಲ್. ಗೆದ್ದರೆ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆ ಎಂದು ಕೋಚ್ ಲಕ್ಷ್ಮಿಕಾಂತ ಸರ್ ಮೊದಲೇ ಹೇಳಿದ್ದರು. ಹೋದ ವರ್ಷ ಎರಡನೆಯವಳಾಗಿ ಬಂದು ಮೂರು ದಿನ ಯಾರ ಹತ್ತಿರವೂ ಮಾತಾಡದಿದ್ದ ಹುಡುಗಿ, ಈ ಸಲ ಬೆಳಿಗ್ಗೆ ದೋಸೆ ತಿನ್ನುತ್ತಾ ಹಾಡು ಗುನುಗುತ್ತಿದ್ದಳು. ಕೊನೆಯ ಸುತ್ತಿಗೆ ತಿರುಗಿದಾಗ ಎಲ್ಲರಿಗಿಂತ ಒಂದಾಳುದ್ದ ಮುಂದಿದ್ದಳು. ನಾನು ಬೆಂಚಿನ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದೆ, ನಾಚಿಕೆಯೇ ಇಲ್ಲದೆ.

ಆಮೇಲೆ ಅವಳ ಕೈ ನಿಂತಿತು.

ಉಸಿರಿಗೆ ಮುಖ ತಿರುಗಿಸಲಿಲ್ಲ. ಮುಖ ಕೆಳಗಾಗಿ ಸುಮ್ಮನೆ ತೇಲಿದಳು. ಉಳಿದ ಹುಡುಗಿಯರು ಅವಳನ್ನು ದಾಟಿ ಹೋಗಿ ಗೋಡೆ ಮುಟ್ಟಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬೀಳುತ್ತಿತ್ತು ರೀ, ನನ್ನ ಮಗಳು ತಳಕ್ಕೆ ಇಳಿಯುತ್ತಿದ್ದಳು.

ಲಕ್ಷ್ಮಿಕಾಂತ ಸರ್ ಬೂಟು ಹಾಕಿಕೊಂಡೇ ಹಾರಿದರು. ಮೇಲೆ ಮಲಗಿಸಿ ಎದೆ ಒತ್ತಿದರು. ಅಲ್ಲೇ ಗೋಡೆಗೆ ತಗುಲಿಸಿದ್ದ, ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ ತಂದು ಎದೆಗೆ ಅಂಟಿಸಿದರು. ಅವಳ ಮೈ ಒಮ್ಮೆ ನೆಗೆದು ಬಿತ್ತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಹೊತ್ತಾಯಿತೋ, ಕಣ್ಣು ಬಿಟ್ಟಳು. ಮೊದಲು ಕೇಳಿದ್ದೇನು ಗೊತ್ತೆ?

“ಸರ್, ಗೋಡೆ ಮುಟ್ಟಿದ್ನಾ?”

ಎಂದೂ ಯಾರನ್ನೂ ಹೊಗಳದ ಆ ಮನುಷ್ಯ ಒದ್ದೆ ನೆಲದ ಮೇಲೆ ಕುಕ್ಕರಿಸಿ, ತಮ್ಮ ರಾಯಚೂರಿನ ಮಾತಿನಲ್ಲಿ, “ಮುಟ್ಟೀದಿ ನಮ್ಮವ್ವ, ಮುಟ್ಟೀದಿ” ಎಂದು ಅತ್ತುಬಿಟ್ಟರು.

ಶಿವಾಜಿನಗರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರ್ ಉಮ್ಮೆ ಕುಲ್ಸುಂ ಎಂಬವರು ನೋಡಿದರು. ಸಣ್ಣ ವಯಸ್ಸು, ಮೆತ್ತಗಿನ ಮಾತು. “ಹಾರ್ಟ್ ಬಡಿಯೋಕೆ ಒಳಗೆ ಒಂದು ಕರೆಂಟ್ ಓಡುತ್ತಲ್ವಾಮ್ಮ, ಅದರಲ್ಲಿ ತೊಂದ್ರೆ ಇದೆ. ಹುಟ್ಟಿನಿಂದಾನೇ ಇದೆ. ಬೇರೆ ಹೊತ್ತಲ್ಲಿ ಗೊತ್ತೇ ಆಗಲ್ಲ. ಇವಳಿಗಿರೋ ಥರದ್ದು ಈಜುವಾಗ್ಲೇ ಜಾಸ್ತಿ ಕೈಕೊಡೋದು” ಎಂದರು.

ಬೃಂದಾ ಕೇಳಿದಳು: “ಎಷ್ಟು ದಿನ ರೆಸ್ಟ್ ತಗೋಬೇಕು ಡಾಕ್ಟರ್?”

“ಮಾತ್ರೆ ತಗೊಂಡ್ರೆ ಎಲ್ಲರ ಥರ ಬದುಕ್ತೀಯ ಬೇಟಾ. ಓದ್ತೀಯ, ಕೆಲಸ ಮಾಡ್ತೀಯ. ಈಜು ಮಾತ್ರ ಇನ್ಮೇಲೆ ಇಲ್ಲ.”

ಅವಳು ಅಳಲಿಲ್ಲ. ಬೇರೆ ಯಾರಿಗೋ ಹೇಳಿದ ಮಾತೆಂಬಂತೆ ನನ್ನ ಮುಖ ನೋಡಿದಳು.

ಡಾಕ್ಟರ್ ಆಮೇಲೆ ನಮ್ಮ ಕಡೆ ತಿರುಗಿ, “ನಿಮ್ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂಗೆ ಹೋಗಿದ್ದಾರಾ? ನೀರಲ್ಲಿ?” ಎಂದರು.

ಅತ್ತೆಯವರು ಬಾಗಿಲ ಹತ್ತಿರ ನಿಂತಿದ್ದರು. ಕೈಯಲ್ಲಿದ್ದ ಗಂಜಿಯ ಡಬ್ಬಿ ಕೆಳಗೆ ಬಿತ್ತು. “ನನ್ ರಾಮು” ಎಂದರು.

ನಿಮ್ಮ ಅಣ್ಣನ ವಿಷಯ ನಿಮಗೆ ನಾನೇನು ಹೇಳಲಿ! ಕೆ.ಆರ್. ಪುರದ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದ ಹುಡುಗ. ಹತ್ತನೇ ಕ್ಲಾಸು ಫೇಲಾದ ದಿನ ಮಾವನವರು “ಎಲ್ಲಾದ್ರೂ ಹೋಗಿ ಸಾಯಿ” ಎಂದದ್ದು, ಸಂಜೆ ಕೆರೆಯಿಂದ ಹೆಣ ತೆಗೆದದ್ದು. ಬೇಕೆಂದೇ ಸತ್ತ ಎಂದು ಊರೆಲ್ಲ ನಂಬಿತು, ನೀವೂ ನಂಬಿದಿರಿ. ನಾನು ಸೊಸೆಯಾಗಿ ಬಂದಾಗ ಅತ್ತೆ ಮಾವನ ನಡುವೆ ಮಾತೇ ಇರಲಿಲ್ಲ. “ಊಟಕ್ಕೆ ಬರೋಕೆ ಹೇಳಮ್ಮ” ಎಂದು ಪಕ್ಕದಲ್ಲೇ ಕೂತ ಗಂಡನಿಗೆ ನನ್ನ ಕೈಲಿ ಹೇಳಿಸುತ್ತಿದ್ದರು. ಮಾವನವರು ಹಾಗೆಯೇ ಹೋದರು.

ಅತ್ತೆ ಡಾಕ್ಟರ ಕೈ ಹಿಡಿದುಕೊಂಡು ಕೇಳಿದರು: “ಹಂಗಾದ್ರೆ ನನ್ ಮಗ ಬೇಕು ಅಂತ ಸಾಯ್ಲಿಲ್ವಾ ತಾಯಿ?”

“ಇಷ್ಟು ವರ್ಷ ಆದ್ಮೇಲೆ ಖಂಡಿತ ಅಂತ ಹೇಳಕ್ಕಾಗಲ್ಲ ಅಜ್ಜಿ. ಆದ್ರೆ ಇದೇ ಆಗಿರ್ಬೋದು.”

ಮನೆಗೆ ಬಂದ ಅತ್ತೆ ಚಪ್ಪಲಿಯನ್ನೂ ಬಿಡದೆ ಮಾವನವರ ಫೋಟೋದ ಮುಂದೆ ನಿಂತರು. “ನೀವಲ್ಲ ಕಣ್ರೀ. ಮುನಿರಾಜಪ್ನೋರೇ, ನೀವಲ್ಲ” ಎಂದರು. ಅವರು ಗಂಡನ ಜೊತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಮಗನಿಗಾಗಿ ಅಳುತ್ತಿದ್ದರೋ ಗಂಡನಿಗಾಗಿಯೋ ನನಗೆ ತಿಳಿಯಲಿಲ್ಲ.

ಕೊಳದ ಔಷಧಿ ನೀರಿಗೆ ನಾರಿನಂತಾಗಿದ್ದ ಬೃಂದಾಳ ಕೂದಲು ಈಗ ಮೆತ್ತಗಾಗುತ್ತಿದೆ. ಮೊನ್ನೆ ಎಣ್ಣೆ ಹಚ್ಚುವಾಗ ತಾನೇ ಮುಟ್ಟಿ ನೋಡಿದಳು. ಬಿಸಿ ತಗುಲಿದವಳಂತೆ ಕೈ ಎಳೆದುಕೊಂಡಳು. ನನಗೆ ಇನ್ನೂ ನಂಬಿಕೆ ಬಂದಿಲ್ಲ ರೀ. ಬೆಳಿಗ್ಗೆ ಎದ್ದು ಅವಳ ಟವಲ್ಲು ಹುಡುಕುತ್ತೇನೆ, ಆಮೇಲೆ ನೆನಪಾಗುತ್ತದೆ.

ಅತ್ತೆಯವರು ಪಕ್ಕಕ್ಕೆ ಬಂದು ಕೂತಿದ್ದಾರೆ. “ಭೀಮೇಶಂಗೆ ನನ್ ಆಶೀರ್ವಾದ ಬರಿ. ಅವರಪ್ಪನ್ನ ಇನ್ನು ಮನಸಲ್ಲಿ ಬೈಯೋದು ಬೇಡ ಅಂತಾನೂ ಬರಿ” ಎನ್ನುತ್ತಿದ್ದಾರೆ. ಬರೆದಿದ್ದೇನೆ. ಬುದ್ಧನ ಕರುಣೆ ನಿಮ್ಮ ಮೇಲಿರಲಿ, ನಿಮ್ಮ ಜೊತೆಗಿರುವ ಎಲ್ಲರ ಮೇಲೂ ಇರಲಿ.

ನಿಮ್ಮ,
ಭಾಗ್ಯ

ತಾ.ಕ.: ಇದನ್ನು ಅತ್ತೆ ಎದ್ದು ಹೋದ ಮೇಲೆ ಬರೆಯುತ್ತಿದ್ದೇನೆ. ಈ ದೋಷ ಸಾಮಾನ್ಯವಾಗಿ ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಬರುತ್ತದಂತೆ. ನನ್ನ ಪರೀಕ್ಷೆಯ ಫಲಿತಾಂಶ ಬೆಳಿಗ್ಗೆ ಬಂತು. ನನ್ನಲ್ಲಿ ಇಲ್ಲ. ಬೃಂದಾಗೆ ಅರ್ಥವಾಯಿತು. “ಅಪ್ಪಂಗೆ ಬರೀಬೇಡಮ್ಮ. ನಂಗೆ ಈಜು ಕಲಿಸಿದ್ದೂ ಅಪ್ಪ, ಇದು ಬಂದಿದ್ದೂ ಅಪ್ಪನಿಂದ ಅಂದ್ರೆ ತಡ್ಕೊಳಲ್ಲ” ಎಂದು ನನ್ನ ಕಾಲು ಹಿಡಿದಳು. ಅವಳ ಮಾತು ಮೀರಿ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಸೇತುವೆ ಕಟ್ಟಲು ದಿನವೂ ಹೊಳೆಗೆ ಇಳಿಯುವವರು. ನಿಮ್ಮ ಪಲ್ಟನ್ನಿನ ಇಲ್ಲಿಯ ಆಫೀಸಿಗೆ ಹೋಗಿ ಹೇಳಿ ಬಂದೆ, ಸುದ್ದಿ ಮುಟ್ಟಿಸುತ್ತೇವೆ ಎಂದಿದ್ದಾರೆ. ನಿಮ್ಮ ಫೋನು ಹತ್ತುತ್ತಲೇ ಇಲ್ಲ. ಒಂದು ವೇಳೆ ಆ ಸುದ್ದಿ ಇನ್ನೂ ಮುಟ್ಟಿರದಿದ್ದರೆ, ಈ ಸಾಲು ಓದಿದ ಕ್ಷಣದಿಂದ ನೀರಿಗೆ ಇಳಿಯಬೇಡಿ ರೀ.